ಸೌದೆ ಹೊರುವ ಯಂತ್ರಗಳು ಬಂದ ದಾರಿ



ಇವತ್ತು ನಾವು ಮಾತಾಡಬೇಕೆಂದಿರುವುದು ಹೊರೆಯ ವಿಚಾರ. ಉಳುವ ಯಂತ್ರ, ಬಿತ್ತುವ ಯಂತ್ರ, ಒಕ್ಕುವ ಯಂತ್ರ ಇವುಗಳ ಸಂಗತಿಯನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಆದರೆ ಉಳುಮೆ ವರ್ಷದಲ್ಲಿ ಕೆಲವು ದಿನಗಳ ಕೆಲಸ, ಒಕ್ಕಣೆಯೂ ಹಾಗೆಯೇ. ಸೌದೆ ತರುವುದು, ಕೊಟ್ಟಿಗೆಯ ಗೊಬ್ಬರವನ್ನು ತಿಪ್ಪೆಗೆ ಹಾಕುವುದು, ತಿಪ್ಪೆಯದನ್ನು ಹೊಲಕ್ಕೆ ಒಯ್ಯುವುದು, ಹುಲ್ಲು, ಮಣ್ಣು, ಕಲ್ಲು, ತೆಂಗಿನ ಮಟ್ಟೆ, ಈ ಹೊರೆ ಮಾತ್ರ ವರ್ಷದ ಒಂದು ದಿನವೂ ತಪ್ಪುವುದಿಲ್ಲ. ತಲೆಯ ಮೇಲೆ ಸಿಂಬಿ ಇಟ್ಟು ಹೊರುವವರು ಬಹುಮಟ್ಟಿಗೆ ಮನೆಯ ಹೆಂಗಸರೇ ಆದ್ದರಿಂದ ಇದಕ್ಕೆ ಕೂಲಿಯೂ ಇಲ್ಲ, ಲೆಕ್ಕವೂ ಇಲ್ಲ. ನಲವತ್ತು ದಾಟುವ ಹೊತ್ತಿಗೆ ಸೊಂಟ ಹಿಡಿಯಿತು, ಕುತ್ತಿಗೆ ನೋವು ಬಂತು ಎಂದಾಗಲಷ್ಟೆ ಲೆಕ್ಕ ಗೊತ್ತಾಗುವುದು.

ಈ ಹೊರೆಯನ್ನು ಇಳಿಸುತ್ತೇವೆಂದು ಈಗ ಹಲವು ಬಗೆಯ ಸಣ್ಣ ಯಂತ್ರಗಳು ಪೇಟೆಗೆ ಬಂದಿವೆ. ಮುಂದುಗಡೆ ಬಕೆಟ್ ಇರುವ ಕಿರು ಟ್ರ್ಯಾಕ್ಟರು, ನಿಂತಲ್ಲೇ ತಿರುಗುವ ಲೋಡರು, ಟಿಲ್ಲರಿಗೆ ಕಟ್ಟುವ ಟ್ರೈಲರು, ಹೀಗೆ. ಯಾವುದನ್ನು ಕೊಳ್ಳಬೇಕು? ಕೊಳ್ಳಲೇಬೇಕೇ? ಮಾರುವವರನ್ನು ಕೇಳಿದರೆ ಉತ್ತರ ಒಂದೇ ಸಿಕ್ಕೀತು. ಈ ಯಂತ್ರಗಳು ಹುಟ್ಟಿದ ಕಥೆಯನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಒಂದೊಂದು ಯಂತ್ರವೂ ಒಬ್ಬ ರೈತನ ಒಂದು ಕಷ್ಟಕ್ಕಾಗಿ ಹುಟ್ಟಿತು. ಆ ಕಷ್ಟ ನಮ್ಮ ಮನೆಯಲ್ಲೂ ಇದ್ದರೆ ಆ ಯಂತ್ರ ನಮಗೂ ಬೇಕು. ಇಲ್ಲದಿದ್ದರೆ ಸಾಲವಷ್ಟೇ ನಮ್ಮದಾಗುತ್ತದೆ.

ಮೊದಲು ಒಂದು ಭೇದವನ್ನು ತಿಳಿದುಕೊಳ್ಳೋಣ. ಹೊರೆ ಎಂಬುದರಲ್ಲಿ ಎರಡು ಕೆಲಸ ಅಡಗಿವೆ. ಭಾರವನ್ನು ನೆಲದಿಂದ ಮೇಲಕ್ಕೆ ಎತ್ತುವುದು ಒಂದು. ಎತ್ತಿದ್ದನ್ನು ಇಲ್ಲಿಂದ ಅಲ್ಲಿಗೆ ಸಾಗಿಸುವುದು ಇನ್ನೊಂದು. ಸಾಗಿಸುವ ಕಷ್ಟಕ್ಕೆ ಮನುಷ್ಯ ಬಹಳ ಹಿಂದೆಯೇ ಉಪಾಯ ಕಂಡುಕೊಂಡ. ಎತ್ತುವ ಕಷ್ಟಕ್ಕೆ ರೈತನ ಅಂಗಳದಲ್ಲಿ ಪರಿಹಾರ ಸಿಕ್ಕಿದ್ದು ತೀರ ಈಚೆಗೆ, ಕಳೆದ ಎಂಬತ್ತು ತೊಂಬತ್ತು ವರ್ಷಗಳಲ್ಲಿ.

ಸಾಗಿಸುವ ಉಪಾಯಗಳಲ್ಲಿ ಎತ್ತಿನ ಗಾಡಿ ನಿಮಗೆಲ್ಲ ಗೊತ್ತು. ಗಾಡಿ ಹೋಗದ ಕಾಲುದಾರಿಗೆ ಬೇಕಾದದ್ದು ಒಂದೇ ಗಾಲಿಯ ಕೈಗಾಡಿ. ಇದನ್ನು ಚೀನಾ ದೇಶದ ಜನ ಹೆಚ್ಚುಕಡಿಮೆ ಎರಡು ಸಾವಿರ ವರ್ಷಗಳ ಹಿಂದೆಯೇ ಬಳಕೆಗೆ ತಂದಿದ್ದರು. ಮೂರನೆಯ ಶತಮಾನದಲ್ಲಿ ಝೂಗೆ ಲಿಯಾಂಗ್ ಎಂಬ ಮಂತ್ರಿ ಬೆಟ್ಟದ ದಾರಿಯಲ್ಲಿ ಸೈನ್ಯಕ್ಕೆ ದವಸ ಸಾಗಿಸಲು "ಮರದ ಎತ್ತು" ಎಂಬ ಸಾಧನವನ್ನು ಮಾಡಿಸಿದನೆಂದು ಅಲ್ಲಿನ ಚರಿತ್ರೆ ಹೇಳುತ್ತದೆ. ಅದು ಒಂದು ಬಗೆಯ ಕೈಗಾಡಿಯೇ ಇರಬೇಕೆಂದು ವಿದ್ವಾಂಸರ ಊಹೆ. ಯೂರೋಪಿನವರು ಕೈಗಾಡಿಯನ್ನು ಬಳಸತೊಡಗಿದ್ದು ಅದಾಗಿ ಸಾವಿರ ವರ್ಷಕ್ಕೆ.

ಈ ಎರಡು ಗಾಡಿಗಳಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಚೀನೀ ಗಾಡಿಯಲ್ಲಿ ದೊಡ್ಡ ಗಾಲಿ ನಟ್ಟನಡುವೆ ಇರುತ್ತದೆ. ಭಾರವೆಲ್ಲ ಗಾಲಿಯ ಮೇಲೆಯೇ ಕೂರುತ್ತದೆ. ಯೂರೋಪಿನ ಗಾಡಿಯಲ್ಲಿ ಗಾಲಿ ತುದಿಯಲ್ಲಿದೆ. ಭಾರದಲ್ಲಿ ಒಂದು ಪಾಲು ತಳ್ಳುವವನ ತೋಳಿಗೆ ಬೀಳುತ್ತದೆ. ನಮ್ಮಲ್ಲಿ ಮನೆ ಕಟ್ಟುವವರ ಹತ್ತಿರ ಇರುವುದು ಈ ಎರಡನೆಯದು. ಮಣ್ಣು, ಗಾರೆ ಸುರಿಯಲು ಅದು ಒಳ್ಳೆಯದು. ಸೌದೆ ದೂರ ಸಾಗಿಸಬೇಕಾದರೆ ಗಾಲಿ ಭಾರದ ಅಡಿಗೇ ಬರುವ ಎರಡು ಗಾಲಿಯ ತಳ್ಳುಗಾಡಿ ಮೇಲು. ಗಾಲಿ ಎಲ್ಲಿದೆ ಎಂದು ನೋಡಿ ಕೊಳ್ಳಿರಿ. ಅರ್ಧ ಆಯಾಸ ಅಲ್ಲೇ ತೀರುತ್ತದೆ.

ಇನ್ನು ಎತ್ತುವ ಕಥೆಗೆ ಬರೋಣ. ಇದರಲ್ಲಿ ಮೊದಲ ಹೆಸರು ಐರ್ಲೆಂಡಿನ ಹ್ಯಾರಿ ಫರ್ಗುಸನ್‌ನದು. 1917ರ ಸುಮಾರಿಗೆ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಅಲ್ಲಿ ಟ್ರ್ಯಾಕ್ಟರುಗಳು ಹೊಸದಾಗಿ ಬರುತ್ತಿದ್ದವು. ಆಗ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸರಪಳಿಯಲ್ಲಿ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಹಿಂದಿನ ಗಾಲಿ ನಿಂತುಬಿಡುತ್ತಿತ್ತು. ಎಂಜಿನ್ನಿನ ಬಲಕ್ಕೆ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದು ಹಿಂದಕ್ಕೆ ಮಗುಚಿ ಬೀಳುತ್ತಿತ್ತು. ಹಾಗೆ ಸತ್ತವರು ಹಲವರು. ಫರ್ಗುಸನ್ ಇದಕ್ಕೆ ಉಪಾಯ ಹುಡುಕುತ್ತ ಬಹಳ ವರ್ಷ ದುಡಿದ. ನೇಗಿಲನ್ನು ಮೂರು ಕಡೆ ಹಿಡಿದುಕೊಳ್ಳುವ ಸರಳುಗಳನ್ನು ಜೋಡಿಸಿ, ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿ ಇಳಿಸುವಂತೆ ಮಾಡಿದ. ಎಣ್ಣೆಯ ಒತ್ತಡದಿಂದ ನಡೆಯುವ ಈ ಏರ್ಪಾಡಿಗೇ ಹೈಡ್ರಾಲಿಕ್ ಎನ್ನುವುದು. 1936ರಲ್ಲಿ ಇಂಥ ಟ್ರ್ಯಾಕ್ಟರು ಮಾರಾಟಕ್ಕೆ ಬಂತು. 1939ರಲ್ಲಿ ಅಮೆರಿಕದ ಹೆನ್ರಿ ಫೋರ್ಡನ ಜೊತೆ ಸೇರಿ ಇನ್ನೊಂದನ್ನು ತಂದ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವನ ಟಿ.ಇ. 20 ಎಂಬ ಸಣ್ಣ ಬೂದುಬಣ್ಣದ ಟ್ರ್ಯಾಕ್ಟರು ಐದು ಲಕ್ಷಕ್ಕೂ ಮಿಕ್ಕಿ ಖರ್ಚಾಯಿತು. ಇವತ್ತು ನಮ್ಮೂರಿನ ಯಾವ ಟ್ರ್ಯಾಕ್ಟರಿನ ಬೆನ್ನು ನೋಡಿದರೂ ಕಾಣುವ ಆ ಮೂರು ಸರಳುಗಳು ಅವನು ಕೊಟ್ಟವು.

"ಇದು ನೇಗಿಲಿನ ಕಥೆಯಾಯಿತು ಸ್ವಾಮಿ, ಸೌದೆಗೇನು ಬಂತು?" ಎಂದು ಕೇಳುತ್ತೀರೋ? ಬಂತು. ನೇಗಿಲನ್ನು ಎತ್ತುವ ಸರಳು ಬೇರೆಯದನ್ನೂ ಎತ್ತಬಲ್ಲುದಲ್ಲವೇ? ಆ ಮೂರು ಸರಳುಗಳಿಗೆ ಕಬ್ಬಿಣದ ಒಂದು ಪೆಟ್ಟಿಗೆಯನ್ನು ಸಿಕ್ಕಿಸಿ, ನೆಲಕ್ಕೆ ಇಳಿಸಿ, ಸೌದೆ ತುಂಬಿ, ಮೇಲೆತ್ತಿಕೊಂಡು ಹೋಗುವ ರೂಢಿ ಫರ್ಗುಸನ್‌ನ ಕಾಲದಲ್ಲೇ ಶುರುವಾಯಿತು. ಪೆಟ್ಟಿಗೆ ನೆಲದ ಮೇಲೇ ಕೂರುವುದರಿಂದ ಎದೆಮಟ್ಟಕ್ಕೆ ಎತ್ತಿ ಹಾಕುವ ಕಷ್ಟವಿಲ್ಲ. ದೊಡ್ಡ ತುಂಡನ್ನು ಉರುಳಿಸಿದರೆ ಸಾಕು. ಈಗಾಗಲೇ ಟ್ರ್ಯಾಕ್ಟರು ಇರುವ ಮನೆಗೆ ಇದಕ್ಕಿಂತ ಅಗ್ಗದ ಸೌದೆಯಂತ್ರ ಇನ್ನೊಂದಿಲ್ಲ. ನಮ್ಮ ಊರಿನ ವೆಲ್ಡಿಂಗ್ ಅಂಗಡಿಯವನೇ ಮಾಡಿಕೊಡಬಲ್ಲ. ಆದರೆ ಹಿಂದೆ ಭಾರ ಹೆಚ್ಚಾದರೆ ಮುಂದಿನ ಗಾಲಿ ಹಗುರವಾಗಿ ಸ್ಟಿಯರಿಂಗು ಮಾತು ಕೇಳುವುದಿಲ್ಲ. ಏರು ಹತ್ತುವಾಗ ಮೂತಿ ಏಳುತ್ತದೆ. ಆ ಹಳೆಯ ಅಪಾಯ ಬೇರೆ ವೇಷದಲ್ಲಿ ಬಂದ ಹಾಗೆ. ಮುಂದುಗಡೆ ತೂಕದ ಕಬ್ಬಿಣ ಕಟ್ಟುವುದು ಇದಕ್ಕಾಗಿಯೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಯಂತ್ರಗಳಿಗೆ ಬೇಡಿಕೆ ಹೆಚ್ಚಿತು. 1945ರ ಅಕ್ಟೋಬರಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತ ಅಟಾಕ್ಸಿಟರ್ ಎಂಬ ಊರಿನಲ್ಲಿ ಒಂದು ಚಿಕ್ಕ ಗ್ಯಾರೇಜನ್ನು ಬಾಡಿಗೆಗೆ ಹಿಡಿದು, ಹಳೆಯ ವೆಲ್ಡಿಂಗ್ ಯಂತ್ರ ಒಂದನ್ನು ಕೊಂಡು, ಯುದ್ಧದಲ್ಲಿ ಮಿಕ್ಕ ಗುಜರಿ ಸಾಮಾನಿನಿಂದ ಒಂದು ಟ್ರೈಲರು ಮಾಡಿದ. ಸಂತೆಯಲ್ಲಿ ಅದು 45 ಪೌಂಡಿಗೆ ಹೋಯಿತು. ಜೊತೆಗೆ ಗಿರಾಕಿಯ ಹಳೇ ಗಾಡಿಯೂ ಸಿಕ್ಕಿತು. 1948ರಲ್ಲಿ ತಾನಾಗಿ ಬಗ್ಗಿ ಸುರಿಯುವ ಹೈಡ್ರಾಲಿಕ್ ಟ್ರೈಲರು, 1949ರಲ್ಲಿ ಟ್ರ್ಯಾಕ್ಟರಿನ ಮುಂದೆ ಕೂರಿಸುವ ಲೋಡರು, 1953ರಲ್ಲಿ ಮುಂದೆ ಬಕೆಟ್ಟೂ ಹಿಂದೆ ಅಗೆಯುವ ತೋಳೂ ಇರುವ ಯಂತ್ರ, ಹೀಗೆ ಅವನ ಕೆಲಸ ಬೆಳೆಯಿತು. ಅವನ ಹೆಸರಿನ ಮೂರು ಮೊದಲಕ್ಷರಗಳೇ ಜೆ.ಸಿ.ಬಿ. 1979ರಲ್ಲಿ ಆ ಕಂಪನಿ ದೆಹಲಿಯ ಹತ್ತಿರದ ಬಲ್ಲಭಗಢದಲ್ಲಿ ಪಾಲುದಾರಿಕೆಯಿಂದ ತಯಾರಿಕೆ ಆರಂಭಿಸಿತು. ಈಗ ಯಾವ ಕಂಪನಿಯ ಯಂತ್ರ ಬಂದರೂ ನಮ್ಮ ಹಳ್ಳಿಯ ಮಕ್ಕಳು "ಜೇಸಿಬಿ ಬಂತು" ಎಂದೇ ಓಡುತ್ತಾರೆ.

ಮುಂದಿನ ಲೋಡರಿನ ಗುಟ್ಟು ಏತದ ಗುಟ್ಟೇ. ಏತದ ಒಂದು ತುದಿಯಲ್ಲಿ ನೀರಿನ ಬಾನಿ, ಇನ್ನೊಂದು ತುದಿಯಲ್ಲಿ ಕಲ್ಲಿನ ತೂಕ. ತೂಕ ಕಡಿಮೆಯಾದರೆ ಬಾನಿಯ ಕಡೆ ವಾಲುತ್ತದೆ. ಲೋಡರಿನಲ್ಲಿ ಮುಂದಿನ ಗಾಲಿಯೇ ಏತದ ಕಂಬ, ಬಕೆಟ್ಟು ಬಾನಿ, ಯಂತ್ರದ ಹಿಂಭಾಗ ಕಲ್ಲು. ಬಕೆಟ್ ತುಂಬಿದಷ್ಟೂ ಹಿಂದಿನ ಗಾಲಿ ಹಗುರವಾಗುತ್ತದೆ. ಸಣ್ಣ ಟ್ರ್ಯಾಕ್ಟರುಗಳಿಗೆ ಬ್ರೇಕು ಇರುವುದು ಬಹುಮಟ್ಟಿಗೆ ಹಿಂದಿನ ಗಾಲಿಗೇ. ಆ ಗಾಲಿ ನೆಲವನ್ನು ಸರಿಯಾಗಿ ಊರದಿದ್ದರೆ ಬ್ರೇಕು ಇದ್ದೂ ಇಲ್ಲದ ಹಾಗೆ. ಆದ್ದರಿಂದ ಮುಂದೆ ಲೋಡರು ಹಾಕಿದವರು ಹಿಂದೆ ತೂಕ ಕಟ್ಟಲೇಬೇಕು.

ಈಗ ಅಮೆರಿಕಕ್ಕೆ ಹೋಗೋಣ. ಅಲ್ಲಿಯ ಮಿನ್ನೆಸೋಟ ರಾಜ್ಯದ ರಾಥ್‌ಸೇ ಎಂಬ ಸಣ್ಣ ಊರಿನಲ್ಲಿ ಲೂಯಿ ಕೆಲ್ಲರ್, ಸಿರಿಲ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ಕಮ್ಮಾರಿಕೆ, ರಿಪೇರಿ ಮಾಡಿಕೊಂಡಿದ್ದರು. 1956ರಲ್ಲಿ ಟರ್ಕಿಕೋಳಿ ಸಾಕುವ ರೈತನೊಬ್ಬ ಅವರಲ್ಲಿಗೆ ಬಂದ. ಅವನ ಕೋಳಿಮನೆಯ ತುಂಬ ಕಂಬಗಳು. ಗೊಬ್ಬರ ಬಾಚಲು ಟ್ರ್ಯಾಕ್ಟರು ತಂದರೆ ಕಂಬಗಳ ನಡುವೆ ತಿರುಗದು. ಕೋಳಿಮನೆಗೆ ಮೇಲಂತಸ್ತು ಬೇರೆ ಇದ್ದು, ಭಾರದ ಯಂತ್ರ ಹತ್ತಿದರೆ ಹಲಗೆ ತಡೆಯದು. ಆಳುಗಳಿಂದ ಬಾಚಿಸುವುದು ನಿಧಾನ. "ನನ್ನ ಕಂಬಗಳ ಮಧ್ಯೆ ತಿರುಗುವ, ಅಟ್ಟ ಮುರಿಯದ ಒಂದು ಯಂತ್ರ ಮಾಡಿಕೊಡಿ" ಎಂಬುದು ಅವನ ಬೇಡಿಕೆಯ ಸಾರ.

ಕೆಲ್ಲರ್ ಸಹೋದರರು ಆ ಅಳತೆಗೆ ತಕ್ಕಂತೆ ಮೂರು ಗಾಲಿಯ ಪುಟ್ಟ ಲೋಡರನ್ನು ಮಾಡಿ 1957ರ ಫೆಬ್ರವರಿಯಲ್ಲಿ ಕೊಟ್ಟರು. ಮುಂದೆ ಎರಡು ಎಳೆಯುವ ಗಾಲಿ. ಹಿಂದೆ ಎತ್ತ ಬೇಕಾದರತ್ತ ಹೊರಳುವ ಒಂದು ಸಣ್ಣ ಗಾಲಿ. ಇದಕ್ಕೆ ಸ್ಟಿಯರಿಂಗ್ ಚಕ್ರವೇ ಇಲ್ಲ. ಹಾಗಾದರೆ ತಿರುಗುವುದು ಹೇಗೆ? ನಮ್ಮ ಕಣವನ್ನು ನೆನೆಸಿಕೊಳ್ಳಿ. ಮೇಟಿಯ ಸುತ್ತ ಎತ್ತುಗಳನ್ನು ಕಟ್ಟಿ ತುಳಿಸುವಾಗ ಮೇಟಿಯ ಹತ್ತಿರದ ಎತ್ತು ನಿಂತ ಹಾಗೇ ಇರುತ್ತದೆ, ಹೊರಗಿನದು ಹೆಜ್ಜೆ ಹಾಕುತ್ತದೆ. ಇಡೀ ಸಾಲು ತಿರುಗುತ್ತದೆ. ಇಲ್ಲಿಯೂ ಅದೇ. ಎಡಗಾಲಿಗೊಂದು, ಬಲಗಾಲಿಗೊಂದು ಬೇರೆ ಬೇರೆ ಸನ್ನೆ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ನಡೆಸಿದರೆ ಯಂತ್ರ ಬುಗುರಿಯಂತೆ ನಿಂತಲ್ಲೇ ಸುತ್ತುತ್ತದೆ. ಮೊದಲು ಬೆಲ್ಟಿನಿಂದ ನಡೆಸಿ ನೋಡಿದರು, ಬೆಲ್ಟು ಜಾರಿತು. ಆಮೇಲೆ ಕ್ಲಚ್ಚು, ಹಲ್ಲುಗಾಲಿ, ಸರಪಳಿಗಳಿಂದ ಗಟ್ಟಿಮಾಡಿದರು.

1958ರಲ್ಲಿ ಮಿನ್ನೆಸೋಟದ ಜಾತ್ರೆಯಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ರೈತರು ಮುತ್ತಿಕೊಂಡರು. ನಾರ್ತ್ ಡಕೋಟದ ಗ್ವಿನ್ನರ್ ಎಂಬ ಊರಿನ ಮೆಲ್ರೋ ಕಂಪನಿ ಅದರ ಹಕ್ಕು ಪಡೆದು, ಅಣ್ಣತಮ್ಮಂದಿರನ್ನು ಕೆಲಸಕ್ಕೂ ಕರೆದುಕೊಂಡಿತು. 1960ರಲ್ಲಿ ಹಿಂದಿನ ಪುಟ್ಟ ಗಾಲಿಯ ಬದಲು ನಾಲ್ಕೂ ಗಾಲಿ ಎಳೆಯುವ ಎಂ. 400 ಎಂಬ ಮಾದರಿ ಬಂತು. 1962ರಲ್ಲಿ ಇದಕ್ಕೆ ಬಾಬ್‌ಕ್ಯಾಟ್ ಎಂದು ಹೆಸರಿಟ್ಟರು. ಅದು ಆ ದೇಶದ ಒಂದು ಕಾಡುಬೆಕ್ಕು, ಚಿಕ್ಕದು, ಚುರುಕಾದದ್ದು. 2023ರಲ್ಲಿ ಕೆಲ್ಲರ್ ಸಹೋದರರ ಹೆಸರು ಅಮೆರಿಕದ ಆವಿಷ್ಕಾರಕರ ಗೌರವಪಟ್ಟಿಗೆ ಸೇರಿತು.

ಆ ರೈತ "ಇಷ್ಟು ಕುದುರೆಬಲದ ಯಂತ್ರ ಕೊಡಿ" ಎಂದು ಕೇಳಲಿಲ್ಲವೆಂಬುದನ್ನು ಗಮನಿಸಿರಿ. ಕಂಬಗಳ ನಡುವಿನ ಅಂತರ ಎಷ್ಟು, ಅಟ್ಟ ತಡೆಯುವ ಭಾರ ಎಷ್ಟು, ಎಂದು ತನ್ನ ಮನೆಯ ಅಳತೆ ಹೇಳಿದ. ಯಂತ್ರ ಅದಕ್ಕೆ ತಕ್ಕ ಹಾಗೆ ಬಂತು. ನಾವು ಮಾಡುವುದು ಇದಕ್ಕೆ ತಿರುಗಾಮುರುಗ. ಯಂತ್ರವನ್ನು ತಂದು ನಿಲ್ಲಿಸಿಕೊಂಡು ಆಮೇಲೆ ಗೇಟು ಒಡೆಯುತ್ತೇವೆ.

ಈ ನಿಂತಲ್ಲೇ ತಿರುಗುವ ಲೋಡರಿಗೆ ಒಂದು ದೋಷವೂ ಉಂಟು. ನಾಲ್ಕು ಗಾಲಿಗಳೂ ನೇರವಾಗಿಯೇ ಇರುವುದರಿಂದ ತಿರುಗುವಾಗ ಟೈರು ನೆಲವನ್ನು ಉಜ್ಜುತ್ತದೆ. ಗಾರೆಯ ನೆಲದಲ್ಲಿ ಟೈರು ಸವೆಯುತ್ತದೆ. ಹಸಿ ಮಣ್ಣಿನ ತೋಟದಲ್ಲಿ ನೆಲ ಕಿತ್ತು ಬರುತ್ತದೆ. ಇದಕ್ಕೆ ಉತ್ತರವಾಗಿ ನಡುವೆ ಕೀಲು ಇಟ್ಟು ಬಳುಕಿ ತಿರುಗುವ ಸಣ್ಣ ಲೋಡರುಗಳು ಬಂದವು; 1991ರಲ್ಲಿ ಆರಂಭವಾದ ಫಿನ್ಲೆಂಡಿನ ಅವಾಂಟ್ ಕಂಪನಿ ಇಂಥವುಗಳಿಗೆ ಹೆಸರಾಗಿದೆ. ಅವು ನೆಲವನ್ನು ಕೆಡಿಸವು. ಆದರೆ ಭಾರ ಹೊತ್ತು ಪೂರ್ತಿ ಬಳುಕಿ ನಿಂತಾಗ ಪಕ್ಕಕ್ಕೆ ವಾಲುವ ಭಯ ಹೆಚ್ಚು. ಎಲ್ಲ ಗುಣವೂ ಇರುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ.

ನಮ್ಮ ನಾಡಿನ ಮಾತೇನು? 1967ರಲ್ಲಿ ಬೆಂಗಳೂರಿನಲ್ಲಿ ವಿ.ಎಸ್.ಟಿ. ಟಿಲ್ಲರ್ಸ್ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಹುಟ್ಟಿತು. ಪವರ್ ಟಿಲ್ಲರು ಜಪಾನಿನ ಪುಟ್ಟ ಗದ್ದೆಗಳಿಗಾಗಿ ಬೆಳೆದ ಯಂತ್ರ. ನಮ್ಮವರು ಅದನ್ನು ಗದ್ದೆಗೂ ಇಳಿಸಿದರು, ಹಿಂದೆ ಟ್ರೈಲರು ಕಟ್ಟಿ ಸೌದೆ, ಗೊಬ್ಬರ, ಅಡಿಕೆಗೊನೆ ಎಲ್ಲವನ್ನೂ ಹೇರಿದರು. ಮಲೆನಾಡಿನ ಕಿರಿದಾರಿಯಲ್ಲಿ ಇದು ಚೆನ್ನಾಗಿ ಒದಗಿತು. ಇದರ ತಿರುಗುವಿಕೆಯೂ ಮೇಟಿಯ ಎತ್ತಿನ ಹಾಗೆಯೇ: ಎಡಗೈ ಕ್ಲಚ್ಚು ಹಿಡಿದರೆ ಎಡಗಾಲಿಗೆ ಬಲ ತಪ್ಪುತ್ತದೆ, ಬಲಗಾಲಿ ನಡೆಯುತ್ತದೆ, ಟಿಲ್ಲರು ಎಡಕ್ಕೆ ತಿರುಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ದಯವಿಟ್ಟು ಇದನ್ನು ಕಿವಿಗೊಟ್ಟು ಕೇಳಿ, ಟಿಲ್ಲರು ಹಿಡಿಯುವ ಮಕ್ಕಳಿಗೂ ಹೇಳಿ. ಕಡಿದಾದ ಇಳಿಜಾರಿನಲ್ಲಿ ತುಂಬಿದ ಟ್ರೈಲರು ಹಿಂದಿನಿಂದ ದೂಡುತ್ತಿರುವಾಗ ಗಾಲಿಗಳನ್ನು ತಡೆದು ಹಿಡಿದಿರುವುದು ಎಂಜಿನ್ನು. ಆಗ ಎಡ ಕ್ಲಚ್ಚು ಹಿಡಿದರೆ ಎಡಗಾಲಿಯ ತಡೆ ತಪ್ಪಿ ಅದು ಮುಂದೋಡುತ್ತದೆ. ಟಿಲ್ಲರು ಬಲಕ್ಕೆ ತಿರುಗಿಬಿಡುತ್ತದೆ! ಮಟ್ಟನೆಲದಲ್ಲಿ ಕಲಿತ ಕೈ ಇಳಿಜಾರಿನಲ್ಲಿ ಮೋಸಹೋಗುವುದು ಹೀಗೆ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ತಿರುವಿನಲ್ಲಿ ಕ್ಲಚ್ಚು ಮುಟ್ಟದೆ ಹಿಡಿಯನ್ನೇ ತಿರುಗಿಸಿ, ಬ್ರೇಕಿನಿಂದ ನಿಧಾನವಾಗಿ ಇಳಿಯಬೇಕು. ಭಾರವನ್ನೂ ಕಡಿಮೆ ಹೇರಬೇಕು.

ಇಷ್ಟು ಕಥೆ ಕೇಳಿದ ಮೇಲೆ ಕೊಳ್ಳುವ ವಿಚಾರ ಸುಲಭವಾಗುತ್ತದೆ. ಮೂರು ಅಳತೆ ತೆಗೆದುಕೊಳ್ಳಿರಿ.

ಮೊದಲನೆಯದು ವರ್ಷದ ಹೊರೆ. ದಿನಕ್ಕೆ 5 ಕಿಲೋ ಸೌದೆ ಉರಿಸುವ ಮನೆಗೆ ವರ್ಷಕ್ಕೆ 1,825 ಕಿಲೋ ಬೇಕು, ಅಂದರೆ 18 ಕ್ವಿಂಟಾಲಿನಷ್ಟು. ತಳ್ಳುಗಾಡಿಯಲ್ಲಿ ಸಲಕ್ಕೆ 50 ಕಿಲೋ ಹಾಕಿದರೆ ವರ್ಷಕ್ಕೆ 37 ಸಲ ತಂದರಾಯಿತು. ಇಷ್ಟಕ್ಕೆ ಲಕ್ಷಗಟ್ಟಲೆ ಸಾಲವೇ? ಒಳ್ಳೆಯ ತಳ್ಳುಗಾಡಿ ಸಾಕು. ಅಡಿಕೆ ಬೇಯಿಸುವ ಮನೆ, ಹೊಗೆಸೊಪ್ಪು ಹದಮಾಡುವ ಮನೆ, ಹತ್ತಾರು ಹಸುವಿನ ಕೊಟ್ಟಿಗೆ, ಇವುಗಳ ಲೆಕ್ಕ ಟನ್ನಿನಲ್ಲಿ ಬರುತ್ತದೆ. ಅಂಥವರು ಯಂತ್ರದ ಮಾತಾಡಬಹುದು.

ಎರಡನೆಯದು ಒಂದು ಸಲದ ಅತಿ ದೊಡ್ಡ ಭಾರ. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ತೂಗುತ್ತದೆ ಎಂದಿಟ್ಟುಕೊಳ್ಳಿ. 30 ಸೆಂಟಿಮೀಟರ್ ದಪ್ಪ, 1 ಮೀಟರ್ ಉದ್ದದ ತುಂಡು ಸುಮಾರು 70 ಕಿಲೋ. ದಪ್ಪ 45 ಸೆಂಟಿಮೀಟರ್ ಆದರೆ ತೂಕ 105 ಆಗುವುದಿಲ್ಲ. ಹತ್ತಿರ ಹತ್ತಿರ 160 ಆಗುತ್ತದೆ! ಕಣ್ಣಿಗೆ ಸ್ವಲ್ಪವೇ ದಪ್ಪ ಕಂಡದ್ದು ಬೆನ್ನಿಗೆ ಎರಡರಷ್ಟಾಗುತ್ತದೆ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಸಲಹೆ ಮಾಡಿತು. ಹೆಂಗಸರಿಗೆ ಇನ್ನೂ ಸಾಕಷ್ಟು ಕಡಿಮೆ ಇರಬೇಕೆಂದಿತು. ಲೋಡರು ಕೊಳ್ಳುವಾಗ "ಎಷ್ಟು ಎತ್ತುತ್ತದೆ?" ಎಂದಷ್ಟೇ ಕೇಳಬೇಡಿ. "ಮುಂದಕ್ಕೆ ಮಗುಚುವ ಭಾರ ಎಷ್ಟು?" ಎಂದೂ ಕೇಳಿ. ಗಾಲಿಯ ಮೇಲೆ ಓಡುವ ನಿಂತಲ್ಲೇ ತಿರುಗುವ ಲೋಡರಿಗೆ ಆ ಭಾರದ ಅರ್ಧವನ್ನೇ ಕೆಲಸದ ಮಿತಿಯೆಂದು ಇಟ್ಟಿರುತ್ತಾರೆ. ಮಗುಚುವ ಭಾರ 600 ಕಿಲೋ ಆದರೆ ನೀವು ಎತ್ತಬಹುದಾದ್ದು 300.

ಮೂರನೆಯದು ದಾರಿ. ಗೇಟಿನ ಅಗಲ, ಕೊಟ್ಟಿಗೆ ಬಾಗಿಲಿನ ಎತ್ತರ, ತೋಟದ ಸಾಲಿನ ಅಂತರ, ಕಾಲುವೆಯ ಮೇಲಿನ ಹಲಗೆ ತಡೆಯುವ ತೂಕ, ಇಳಿಜಾರು, ಮಳೆಗಾಲದ ಕೆಸರು. ಒಂದು ಹಗ್ಗ ಹಿಡಿದು ಅಳೆದು ಗಂಟು ಹಾಕಿಕೊಂಡು ಅಂಗಡಿಗೆ ಹೋಗಿ. ಯಂತ್ರ ಆ ಗಂಟಿನೊಳಗೆ ಹಿಡಿಯದಿದ್ದರೆ ಅದರ ಬೆಲೆ ಕೇಳುವುದೂ ಬೇಡ.

ಇನ್ನೊಂದು ಉಪಾಯ ಎಲ್ಲಕ್ಕಿಂತ ಅಗ್ಗ. ಹಸಿ ಸೌದೆಯ ತೂಕದಲ್ಲಿ ಹತ್ತಿರ ಅರ್ಧ ನೀರೇ ಇರುತ್ತದೆ. ಕಡಿದಲ್ಲಿಯೇ ಸೀಳಿ, ಅಡಿಗೆ ಎರಡು ಬಡ್ಡೆ ಕೊಟ್ಟು ಒಟ್ಟಿ, ಮೇಲೆ ಮರೆ ಮಾಡಿ, ಬೇಸಿಗೆಯೆಲ್ಲ ಒಣಗಲು ಬಿಡಿ. ಆಮೇಲೆ ತಂದರೆ ನೀರಿನ ಭಾರ ಹೊರುವುದು ತಪ್ಪಿತು, ಹೊಗೆಯೂ ಕಡಿಮೆ. ಬಿಸಿಲು ಬಾಡಿಗೆ ಕೇಳುವುದಿಲ್ಲ.

ಯಂತ್ರ ಬೇಕೇ ಬೇಕೆಂದು ಲೆಕ್ಕ ಹೇಳಿದರೂ ಮೊದಲು ಬಾಡಿಗೆಗೆ ತಂದು ನೋಡಿ. 2014-15ರಲ್ಲಿ ನಮ್ಮ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಎಂಬ ಬಾಡಿಗೆ ಕೇಂದ್ರಗಳ ಯೋಜನೆ ಬಂದದ್ದು ಈ ತಿಳಿವಳಿಕೆಯಿಂದಲೇ: ವರ್ಷದಲ್ಲಿ ಹತ್ತು ದಿನದ ಕೆಲಸಕ್ಕೆ ವರ್ಷವಿಡೀ ಬಡ್ಡಿ ಕಟ್ಟುವುದು ಒಕ್ಕಲಿಗನಿಗೆ ತರವಲ್ಲ. ನಾಲ್ಕು ಮನೆಯವರು ಸೇರಿ ಒಂದು ಟ್ರೈಲರು ಇಟ್ಟುಕೊಳ್ಳುವುದೂ ಒಳ್ಳೆಯದೇ. ಟೈರು, ಗ್ರೀಸು, ರಿಪೇರಿಯ ಖರ್ಚು ಯಾರದೆಂದು ಮೊದಲೇ ಬರೆದಿಟ್ಟುಕೊಂಡರೆ ಜಗಳವಿಲ್ಲ.

ಕಡೆಯದಾಗಿ ಜೀವದ ಮಾತು. ಬಕೆಟ್ಟನ್ನು ಯಾವಾಗಲೂ ನೆಲಕ್ಕೆ ಗೇಣುದ್ದ ಮೇಲಿಟ್ಟುಕೊಂಡೇ ಸಾಗಿ. ಎತ್ತರದಲ್ಲಿ ಹಿಡಿದ ಭಾರ ಸಣ್ಣ ಕಲ್ಲಿನ ಮೇಲೆ ಗಾಲಿ ಹತ್ತಿದರೂ ಮಗುಚುತ್ತದೆ. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ನಿಲ್ಲಬಾರದು. ಎಣ್ಣೆಯ ಕೊಳವೆ ಒಡೆದರೆ ಅದು ಹೇಳಿ ಬೀಳುವುದಿಲ್ಲ. ಗುಂಡು ತುಂಡುಗಳನ್ನು ಬಕೆಟ್ಟಿನಲ್ಲಿ ಮೇಲೆತ್ತಿದರೆ ಅವು ತೋಳಿನ ಮೇಲೆ ಉರುಳಿ ನಡೆಸುವವನ ಮೇಲೇ ಬರುತ್ತವೆ; ಅದಕ್ಕೆ ಕವಚೆ ಹಿಡಿಯುವ ಉಪಕರಣ ಬೇಕು. ಬಕೆಟ್ಟಿನಲ್ಲಿ ಮಕ್ಕಳನ್ನು ಕೂರಿಸುವ ಆಟ ಬೇಡವೇ ಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಯಂತ್ರದ ವಿಷಯದಲ್ಲಿ ಅದನ್ನು ಹೀಗೆ ಹೇಳಿಕೊಳ್ಳಬಹುದು: ಅಂಗಳ ಇದ್ದಷ್ಟು ಯಂತ್ರ ತಾ. ಈ ವಾರ ಮನೆಗೆ ಎಷ್ಟು ಸೌದೆ ಬಂತು, ಯಾರು ಹೊತ್ತು ತಂದರು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ತಿಂಗಳಲ್ಲಿ ನಿಮ್ಮ ಮನೆಗೆ ಬೇಕಾದದ್ದು ಎತ್ತುವ ಯಂತ್ರವೋ, ಸಾಗಿಸುವ ಗಾಡಿಯೋ ಆ ಗುರುತುಗಳೇ ಹೇಳುತ್ತವೆ.